ಹನ್ನೆರಡನೇ ತರಗತಿ ಎರಡು ಸಲ ಬರೆದರೆ ನರ್ಸಿಂಗ್ ಸೀಟು ಸಿಗುವುದಿಲ್ಲವೇ?



ಹೆಚ್.ಎಸ್.ಸಿ. ಫಲಿತಾಂಶ ಬಂದ ವಾರ ಮುಂಬಯಿಯ ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಫಿಸಿಕ್ಸ್ ಹೋಯ್ತಲ್ಲ, ಇನ್ನು ನರ್ಸಿಂಗ್ ಆಸೆ ಬಿಡು." ಮಗಳು ಮೊಬೈಲಿನಲ್ಲಿ ಹುಡುಕುತ್ತಾಳೆ. ಫೇಲಾದ ವಿಷಯವನ್ನು ಮತ್ತೆ ಓದಿ ಪಾಸಾದರೂ ಹಳೆಯ ಗ್ರೇಡು ಸರಾಸರಿಯನ್ನು ಕೆಳಗೆ ಎಳೆಯುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಅವಳ ಧೈರ್ಯ ಪೂರ್ತಿ ಕುಸಿಯುತ್ತದೆ.

ಆದರೆ ಅದು ಅಮೆರಿಕದ ಲೆಕ್ಕ. ಅಲ್ಲಿ ಅಂಗರಚನಾ ಶಾಸ್ತ್ರ, ರಸಾಯನ ಶಾಸ್ತ್ರದಂಥ ವಿಷಯಗಳನ್ನು ಕಾಲೇಜಿನಲ್ಲಿ ಮೊದಲು ಓದಬೇಕು. ಆ ಗ್ರೇಡುಗಳ ಸರಾಸರಿ ನೋಡಿ ನರ್ಸಿಂಗ್ ಸೀಟು ಕೊಡುತ್ತಾರೆ. ಒಂದೇ ವಿಷಯ ಎರಡು ಸಲ ಓದಿದ್ದರೆ ಕೆಲವು ಕಾಲೇಜುಗಳು ಎರಡೂ ಗ್ರೇಡನ್ನು ಲೆಕ್ಕಕ್ಕೆ ಹಿಡಿಯುತ್ತವೆ.

ನಮ್ಮಲ್ಲಿ ಹಾಗಿಲ್ಲ. ಫೇಲಾದ ಅಂಕವನ್ನೂ ಪಾಸಾದ ಅಂಕವನ್ನೂ ಕೂಡಿಸಿ ಯಾರೂ ಭಾಗಿಸುವುದಿಲ್ಲ. ಇಲ್ಲಿ ನೋಡಬೇಕಾದದ್ದು ಎರಡೇ ಸಂಗತಿ.

*ಮೊದಲನೆಯದು ಹೊಸ್ತಿಲು.* ಬಿ.ಎಸ್ಸಿ. ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಶೇ. 45 ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40. ಇಂಗ್ಲಿಷ್ ಪಾಸಾಗಿರಬೇಕು. ಅಂದರೆ 300ಕ್ಕೆ 135. ಅನೇಕರು ಎಡವುವುದು ಇಲ್ಲಿಯೇ. ಪ್ರತಿ ವಿಷಯದಲ್ಲಿ 35 ಬಂದರೆ ಪಾಸು, ಮನೆಯಲ್ಲಿ ಪೇಢಾ ಹಂಚಿ ಆಗುತ್ತದೆ. ಆದರೆ ಒಟ್ಟು 105, ಬಿ.ಎಸ್ಸಿ. ಬಾಗಿಲು ತೆರೆಯುವುದಿಲ್ಲ.

*ಎರಡನೆಯದು ಸಿಇಟಿ.* ಹೊಸ್ತಿಲು ದಾಟಿದವರಿಗೆ ಮಹಾರಾಷ್ಟ್ರದಲ್ಲಿ ಸೀಟು ಹಂಚುವುದು ರಾಜ್ಯ ಸಿಇಟಿ ಸೆಲ್ ನಡೆಸುವ ನರ್ಸಿಂಗ್ ಪ್ರವೇಶ ಪರೀಕ್ಷೆಯ ಅಂಕದ ಮೇಲೆ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ. ನಿಮ್ಮ ಮಗುವಿಗೆ 135ಕ್ಕಿಂತ ಕಡಿಮೆ ಬಂದಿದ್ದರೆ ಮತ್ತೆ ಬರೆಸಿ, ನಾಚಿಕೆ ಬೇಡ. ಫೇಲಾದವರಿಗೆ ಪೂರಕ ಪರೀಕ್ಷೆ ಇದೆ; ಪಾಸಾಗಿಯೂ ಅಂಕ ಸಾಲದವರಿಗೆ ಮಂಡಳಿಯ ಶ್ರೇಣಿ ಸುಧಾರಣಾ ಯೋಜನೆ ಇದೆ. ಆದರೆ ಈಗಾಗಲೇ 180 ಬಂದಿದ್ದರೆ ಅದನ್ನು 200 ಮಾಡಲು ಒಂದು ವರ್ಷ ಸುರಿಯಬೇಡಿ. ಆ ಶ್ರಮ ಸಿಇಟಿಗೆ ಹೋಗಲಿ. ಸಿಇಟಿ ಅರ್ಜಿಯ ಗಡುವು ಸಾಮಾನ್ಯವಾಗಿ ಫಲಿತಾಂಶಕ್ಕಿಂತ ಮೊದಲೇ ಮುಗಿಯುತ್ತದೆ, ಇದನ್ನು ಮರೆಯಬೇಡಿ.

ಊರಿಗೆ ಕಳಿಸಿ ಓದಿಸುವವರು ಇನ್ನೊಂದು ತಿಳಿದಿರಲಿ. ಕರ್ನಾಟಕದಲ್ಲಿ 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮತ್ತೆ ಬರೆಯುವುದನ್ನು ಸರಕಾರವೇ ಸಹಜವೆಂದು ಒಪ್ಪಿರುವಾಗ ನಾವೇಕೆ ಕಳಂಕ ಹಚ್ಚಬೇಕು?

"ಫೇಲಾದವಳು ಐಸಿಯುನಲ್ಲಿ ರೋಗಿಯನ್ನು ನೋಡಿಕೊಳ್ಳಬಹುದೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ ಆ ಜರಡಿ ಒಳಗೇ ಇದೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಇಂಗ್ಲಿಷ್ ಬಿಟ್ಟರೆ ಮುಖ್ಯ ವಿಷಯಗಳಿಗೆ ಥಿಯರಿಯಲ್ಲಿ ಶೇ. 50, ಪ್ರಾಕ್ಟಿಕಲ್‌ನಲ್ಲಿ ಶೇ. 50 ಬೇರೆಬೇರೆಯಾಗಿ ಬರಬೇಕು. ರೋಗಿ ನರ್ಸಿನ ಹನ್ನೆರಡನೆಯ ಅಂಕಪಟ್ಟಿ ಕೇಳುವುದಿಲ್ಲ. 500 ಮಿ.ಲೀ. ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಮಿ.ಲೀ.ಗೆ 20 ಹನಿ ಎಂದಾಗ ನಿಮಿಷಕ್ಕೆ ಸುಮಾರು 42 ಹನಿ ಎಂದು ಅವಳಿಗೆ ಹೊಳೆಯಬೇಕು, ಅಷ್ಟೇ. ಫಿಸಿಕ್ಸ್ ಹೋದದ್ದು ಲೆಕ್ಕದ ಭಯದಿಂದಾದರೆ, ಎರಡನೇ ಸಲ ಓದುವಾಗ ಆ ಭಯ ಹೋಗಲಿ. ಗೈಡ್ ಬಾಯಿಪಾಠ ಮಾಡಿ 35 ದಾಟುವುದರಿಂದ ಮುಂದೆ ಅವಳಿಗೂ ಕಷ್ಟ, ರೋಗಿಗೂ ಕಷ್ಟ.

ಬಿ.ಎಸ್ಸಿ. ಆಗದಿದ್ದರೆ ಮೂರು ವರ್ಷದ ಜಿಎನ್‌ಎಂ ಇದೆ. ಇದಕ್ಕೆ ಹನ್ನೆರಡನೇ ತರಗತಿಯಲ್ಲಿ ಶೇ. 40 ಸಾಕು, ಇಂಗ್ಲಿಷಿನಲ್ಲೂ ಅಷ್ಟು ಬೇಕು, ವಿಜ್ಞಾನವೇ ಓದಿರಬೇಕೆಂದಿಲ್ಲ. ಜಿಎನ್‌ಎಂ ಮುಗಿಸಿ ನೋಂದಣಿಯಾದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು.

ನಾಚಿಕೆಯ ಲಾಭ ಪಡೆಯುವವನು ಏಜೆಂಟ್. "ಮಾರ್ಕ್ಸ್ ಯಾರೂ ನೋಡುವುದಿಲ್ಲ, ಸೀಟು ನಾನು ಕೊಡಿಸುತ್ತೇನೆ" ಎಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಲೇಜಿನ ಹೆಸರು ಭಾರತೀಯ ನರ್ಸಿಂಗ್ ಪರಿಷತ್ತಿನ ಮತ್ತು ಆ ರಾಜ್ಯದ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿದೆಯೇ ನೋಡಿ. ಅರ್ಹತೆಯೇ ಇಲ್ಲದೆ ಸೇರಿದರೆ ಮುಂದೆ ನೋಂದಣಿಗೆ ತೊಂದರೆ. ನೋಂದಣಿ ಇಲ್ಲದೆ ನರ್ಸ್ ಕೆಲಸವಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕುಳಿತು, ಹೋದ ವಿಷಯವನ್ನು ಮತ್ತೆ ಕಟ್ಟಿ ಪಾಸಾದ ಹಿರಿಯರು ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಮಂದಿ. ಅವರ ಮೊಮ್ಮಕ್ಕಳಿಗೆ ಇನ್ನೊಂದು ಅವಕಾಶ ಕೊಡಲು ನಾವು ಹಿಂಜರಿಯಬಾರದು.

ಫಲಿತಾಂಶದ ನಂತರ ಮಗು ಊಟ, ನಿದ್ದೆ ಬಿಟ್ಟು ಮಂಕಾಗಿ ಕುಳಿತಿದ್ದರೆ ಮೊದಲು ಅದರ ಜೊತೆ ಮಾತಾಡಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ. ಅಂಕಪಟ್ಟಿಯ ಮಾತು ಆಮೇಲೆ.

ನಿಮ್ಮ ಗುಂಪಿನಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಯವರಿಗೆ ಇದನ್ನು ತಲುಪಿಸಿ.