ರಾಳದೊಳಗಿನ ಹುಳುವೂ ನಮ್ಮ ಶಾಲೆಯ ವಿಜ್ಞಾನವೂ

ವಿಜ್ಞಾನಪಾಠಕ್ಕೆ ಉಪಕರಣ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಅಂಗಡಿಯಲ್ಲಿ ಹೊಳೆಯುವುದೆಲ್ಲವೂ ಉಪಕರಣವೆಂಬ ಹೊಸ ಭಕ್ತಿಯೊಂದು ನಮ್ಮ ಶಿಕ್ಷಕವರ್ಗದಲ್ಲಿ ಹಬ್ಬುತ್ತಿದೆ. ಗಾಜಿನಂತೆ ತಿಳಿಯಾದ ಕೃತಕ ರಾಳದಲ್ಲಿ ಹುದುಗಿಸಿ ಮಾರುವ ಜೀರುಂಡೆ, ಚಿಟ್ಟೆ, ಚೇಳುಗಳನ್ನು ಕುರಿತು ಹೇಳುತ್ತಿದ್ದೇನೆ. (ಚೇಳಿಗೆ ಎಂಟು ಕಾಲು, ಅದು ಕೀಟವೇ ಅಲ್ಲ. ಕೀಟಗಳ ಸಾಲಿನಲ್ಲಿ ಅದನ್ನು ಸೇರಿಸಿ ಮಾರುವವರಿಗೆ ಅಷ್ಟೂ ಬೇಕಾಗಿಲ್ಲ.)

ಈ ಗಟ್ಟಿಗಳ ಪರವಾಗಿ ವಾದಿಸುವವರು ಹೇಳುವುದರಲ್ಲಿ ಸತ್ಯಾಂಶವಿದೆ. ಮಗು ಅಂಗೈಯಲ್ಲಿಟ್ಟು ತಿರುಗಿಸಿ ನೋಡಬಹುದು. ಕಾಲು ಮುರಿಯದು, ಗೆದ್ದಲು ಮುಟ್ಟದು. ಪ್ರಕೃತಿಯೇ ಈ ಕೆಲಸವನ್ನು ಮಾಡಿದೆಯಲ್ಲ ಎಂದೂ ಕೇಳುತ್ತಾರೆ. ನಿಜ. ಗುಜರಾತಿನ ವಸ್ತಾನ್ ಕಲ್ಲಿದ್ದಲ ಗಣಿಯ ಅಂಬರಿನಲ್ಲಿ ಸುಮಾರು 5 ಕೋಟಿ ವರ್ಷಗಳ ಹಿಂದಿನ ಕೀಟಗಳು ದೊರೆತುವೆಂದು 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆದರೆ ಆ ಕೀಟಗಳಿಗೆ ಬೆಲೆ ಬಂದುದು ಹೊಳಪಿನಿಂದಲ್ಲ. ಯಾವ ಗಣಿ, ಯಾವ ಸ್ತರ ಎಂಬುದು ತಿಳಿದಿದ್ದುದರಿಂದ. ವಸ್ತುಸಂಗ್ರಹಾಲಯದ ಸೂಜಿಗೆ ಚುಚ್ಚಿದ ಹುಳುವಿನ ಕೆಳಗೂ ಊರು, ದಿನಾಂಕ, ಹಿಡಿದವರ ಹೆಸರು ಇರುವ ಚೀಟಿಯೊಂದಿರುತ್ತದೆ. ಆ ಚೀಟಿಯಿಲ್ಲದ ರಾಳದ ಗಟ್ಟಿ ಕಾಗದ ಹಾರದಂತೆ ಮೇಲಿಡುವ ಕಲ್ಲು, ಅಷ್ಟೆ.

ಇನ್ನು ಈ ವಿಧಾನದ ಮಿತಿಯನ್ನು ನೋಡಿ. ಹುಳುವನ್ನು ಸಂಪೂರ್ಣ ಒಣಗಿಸದಿದ್ದರೆ ಉಳಿದ ತೇವದಿಂದ ಅದರ ಸುತ್ತ ಬೆಳ್ಳಿಯಂಥ ಪೊರೆ ಕಟ್ಟುತ್ತದೆ. ರಾಳವನ್ನು ಒಮ್ಮೆಗೇ ದಪ್ಪವಾಗಿ ಹೊಯ್ದರೆ ಗಟ್ಟಿಯಾಗುವಾಗ ಹುಟ್ಟುವ ಶಾಖದಿಂದ ಬಿರುಕು ಬಿಡುತ್ತದೆ. ಮೈ ಬಿರುಸಾದ ಜೀರುಂಡೆ ಇದನ್ನೆಲ್ಲ ತಾಳುತ್ತದೆ. ಮೆತ್ತನೆಯ ಮರಿಹುಳು ಒಣಗಿದೊಡನೆ ಸುರುಟಿ ರೂಪಗೆಡುತ್ತದೆ. ಎಂದರೆ ಆದವಾನಿ, ಆಲೂರು ಕಡೆಯ ರೈತನ ಮನೆ ಮುರಿಯುವ ಪ್ರಾಣಿಯೇ ಈ ಪೆಟ್ಟಿಗೆಗೆ ಹೊರಗು!

ಹತ್ತಿಯ ಗುಲಾಬಿ ಕಾಯಿಕೊರಕವನ್ನು ನೆನೆಯಿರಿ. ಅದರ ಪತಂಗ ಅಂಗುಲಕ್ಕೂ ಚಿಕ್ಕದಾದ, ಬೂದುಗಂದಿನ ಬಡಪ್ರಾಣಿ. ಅದನ್ನು ರಾಳದಲ್ಲಿಟ್ಟರೆ ಕೊಳ್ಳುವವರು ಯಾರು? ಮರಿಹುಳುವೋ ಕಾಯೊಳಗೆ ಹೊಕ್ಕು ಬೀಜ ತಿನ್ನುತ್ತದೆ. ಎರಡು ಬೀಜಗಳನ್ನು ನೂಲಿನಿಂದ ಬೆಸೆದು ಅದರೊಳಗೇ ತಿಂಗಳುಗಟ್ಟಲೆ ಮಲಗುತ್ತದೆ. ಹತ್ತಿಯ ಪೇಟೆಯೆಂದು ಹೆಸರಾದ ಊರಿನ ಹುಡುಗನಿಗೆ ಆ ಜೋಡಿಬೀಜವನ್ನು ಒಡೆದು ತೋರಿಸದೆ, ಯಾವ ಕಾಡಿನದೋ ತಿಳಿಯದ ಹಸಿರು ಜೀರುಂಡೆಯನ್ನು ತೋರಿಸುವುದು ಯಾವ ವಿಜ್ಞಾನ? ಬಿತ್ತನೆಯ ಹೊಲದಲ್ಲಿ ಹಳೆಯ ಕಡ್ಡಿಯನ್ನು ಏಕೆ ಉಳಿಸಬಾರದೆಂಬುದು ಆ ಬೀಜವನ್ನು ಒಡೆದವನಿಗೆ ತಾನಾಗಿ ಹೊಳೆಯುತ್ತದೆ.

ಮತ್ತೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯವಾದುದು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರದಲ್ಲಿ ಉಳಿದುವು. ಅಂದಿನಿಂದ ಇಲ್ಲಿನ ಕನ್ನಡ ಮಕ್ಕಳ ಮಾತು ಮನೆಯ ಹೊಸ್ತಿಲು ದಾಟಿದೊಡನೆ ಬಡವಾಗುತ್ತದೆ. ತೆಲುಗಿನ ಮೇಲೆ ನನಗೆ ಮುನಿಸಿಲ್ಲ. ಅದು ನೆರೆಮನೆಯ ನುಡಿ. ಆದರೆ ಕೆಂಪು ತಿಗಣೆ, ಕಂಬಳಿಹುಳು, ಮಿಂಚುಹುಳು ಎಂದು ಅಜ್ಜಿ ಕಲಿಸಿದ ಹೆಸರನ್ನು ಶಾಲೆಯಲ್ಲಿ ಬರೆಯುವ ಸಂದರ್ಭವೇ ಬಾರದಿದ್ದರೆ, ಆ ಹೆಸರು ಅಜ್ಜಿಯೊಡನೆ ಹೋಗುತ್ತದೆ. ಅಂಗಡಿಯಿಂದ ಬಂದ ಗಟ್ಟಿಯ ಮೇಲೆ ಮಗು ಬರೆಯಬೇಕಾದುದು ಏನೂ ಇಲ್ಲ.

ತಾವೇ ರಾಳ ಹೊಯ್ದು ಮಾಡುತ್ತೇವೆನ್ನುವ ಉತ್ಸಾಹಿಗಳಿಗೂ ಎಚ್ಚರಿಕೆ ಹೇಳಬೇಕಾಗಿದೆ. ಪಾಲಿಯೆಸ್ಟರ್ ರಾಳದಿಂದೇಳುವ ಸ್ಟೈರೀನ್ ಆವಿ ಉಸಿರಿಗೆ ಕೆಟ್ಟದ್ದು. ಅದನ್ನು ಗಟ್ಟಿಗೊಳಿಸಲು ಬೆರೆಸುವ ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮೂವತ್ತು ಮಕ್ಕಳ ಕೊಠಡಿಯಲ್ಲಿ ಮಾಡುವ ಕೆಲಸವಲ್ಲ.

ಬೇಕಾದುದು ಒಂದು ರಟ್ಟಿನ ಪೆಟ್ಟಿಗೆ, ತಳಕ್ಕೆ ಥರ್ಮೋಕೋಲಿನ ಹಲಗೆ, ಸೂಜಿ. ಕಾಯಿಕೊರಕ ಹೊಕ್ಕ ಹತ್ತಿಕಾಯಿಗೆ ಬಾಯಿಯಗಲದ ಶೀಸೆ, ಮೇಲೆ ತೆಳುಬಟ್ಟೆ. ಚೀಟಿಯಲ್ಲಿ ಹುಳುವಿನ ಕನ್ನಡ ಹೆಸರು, ಸಿಕ್ಕ ಹೊಲ, ದಿನಾಂಕ, ಹಿಡಿದ ಹುಡುಗಿಯ ಸಹಿ. ಗಟ್ಟಿಗಳಿಗೆಂದು ತೆಗೆದಿಟ್ಟ ಹಣದಲ್ಲಿ ಒಂದೆರಡು ಒಳ್ಳೆಯ ಭೂತಗನ್ನಡಿಗಳನ್ನು ಕೊಳ್ಳಲಿ.