ನೂರು ಗಜದ ನಿಯಮ

ಈ-ಸಿಗರೇಟಿನ ಅಂಗಡಿಗಳು ಶಾಲೆಗಳಿಂದ ದೂರವಿರಬೇಕೆಂದು ಪರದೇಶಗಳ ನಗರಸಭೆಗಳು ವಲಯನಿಯಮಗಳನ್ನು ರಚಿಸಿರುವುದನ್ನು ತೋರಿಸಿ, ನಮ್ಮಲ್ಲಿಯೂ 2019ರ ನಿಷೇಧವನ್ನು ತೆಗೆದುಹಾಕಿ, ಅಂತಹ ನಿಯಮಕ್ಕೊಳಪಟ್ಟ ಮಾರಾಟಕ್ಕೆ ಅನುಮತಿ ಕೊಡುವುದೇ ವಿವೇಕವೆಂದು ವಾದಿಸುವವರುಂಟು. ನಿಷೇಧವಿದ್ದರೂ ದೆಹಲಿಯಲ್ಲಿ ಕದ್ದು ಮಾರುತ್ತಾರೆಂಬ ಅವರ ಮಾತು ನಿಜ. ಆದರೆ ಇಂತಹ ವಲಯನಿಯಮವೊಂದು ನಮ್ಮಲ್ಲಿ ಬಹುಕಾಲದಿಂದ ಇದೆ; ಅದಕ್ಕೊದಗಿದ ಗತಿಯನ್ನು ಕಂಡವರು ಈ ಸಲಹೆಯನ್ನು ಒಪ್ಪಲಾರರು.

2003ರ ತಂಬಾಕು ನಿಯಂತ್ರಣ ಕಾಯಿದೆಯ ಆರನೆಯ ಕಲಮಿನಂತೆ ವಿದ್ಯಾಸಂಸ್ಥೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಕೂಡದು. ಮೀರಿದವನಿಗೆ ದಂಡ ಇನ್ನೂರು ರೂಪಾಯಿಯವರೆಗೆ ಮಾತ್ರ. ಇತ್ತ, 2007ರಲ್ಲಿ ಜಾರಿಗೆ ಬಂದ ದೆಹಲಿಯ ಮಾಸ್ಟರ್ ಪ್ಲಾನ್, ವಸತಿ ಕಟ್ಟಡಗಳ ನೆಲ ಅಂತಸ್ತಿನಲ್ಲಿ 20 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳಿಗೆ ಎಡೆಗೊಟ್ಟು, ತರಕಾರಿ, ಕಿರಾಣಿ, ಪುಸ್ತಕಗಳ ಸಾಲಿನಲ್ಲಿಯೇ ಪಾನ್ ಅಂಗಡಿಯನ್ನೂ ಹೆಸರಿಸಿದೆ. ಒಂದು ಶಾಸನವು ಶಾಲೆಯ ಗೋಡೆಯಿಂದ ದೂರವನ್ನು ಅಳೆಯುತ್ತಿರಲು, ಇನ್ನೊಂದಕ್ಕೆ ಅಂಗಡಿಯ ನೆಲದಳತೆಯ ಹೊರತು ಬೇರೆ ಚಿಂತೆಯಿಲ್ಲ.

ಇದರ ಫಲವನ್ನು ಶಾಲೆ ಬಿಡುವ ಹೊತ್ತಿಗೆ ಯಾರಾದರೂ ಕಾಣಬಹುದು. ದೆಹಲಿಯವರು ಖೋಖಾ ಎನ್ನುವ ಗೂಡಂಗಡಿಯಲ್ಲಿ ಪಾನ್ ಮಸಾಲೆಯ ಪೊಟ್ಟಣಗಳ ಸರ ತೂಗುತ್ತಿರುತ್ತದೆ, ಮಿಠಾಯಿಯ ಡಬ್ಬಿಯ ಮಗ್ಗುಲಲ್ಲಿ ಬಿಡಿ ಸಿಗರೇಟು, ದಾರ ಕಟ್ಟಿದ ಲೈಟರು. ಮತ್ತು ಗುರುತಿನ ಗಿರಾಕಿಗೆಂದು ಹಲಗೆಯ ಕೆಳಗಿನಿಂದ ಹೊರಬರುವ, ಮಾವಿನ ಹಣ್ಣಿನ ಪರಿಮಳದ, ಬಣ್ಣಬಣ್ಣದ ವೇಪ್.

ಇಲ್ಲಿ ಕೊರತೆಯಿರುವುದು ಶಿಕ್ಷೆಯದಲ್ಲ. ವೇಪನ್ನು, ಅಂದರೆ ಈ-ಸಿಗರೇಟನ್ನು, ನಿಷೇಧಿಸಿದ 2019ರ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ಯಾವ ಅಂಗಡಿ ಎಲ್ಲಿದೆ, ಅದನ್ನು ನಡೆಸುವವನಾರು ಎಂಬ ಲೆಕ್ಕವಿಲ್ಲದಿರುವುದೇ ಮೂಲದೋಷ. ತಂಬಾಕು ಮಾರುವವನು ಸ್ಥಳೀಯ ಸಂಸ್ಥೆಯಿಂದ ಪ್ರತ್ಯೇಕ ಪರವಾನಗಿ ಪಡೆಯತಕ್ಕದ್ದು, ಆತ ಮಿಠಾಯಿ, ಚಿಪ್ಸು, ಬಿಸ್ಕತ್ತುಗಳನ್ನು ಮಾರಕೂಡದು ಎಂಬ ಸಲಹೆಯನ್ನು ಕೇಂದ್ರ ಆರೋಗ್ಯ ಸಚಿವಾಲಯವು 2017ರಲ್ಲಿಯೇ ರಾಜ್ಯಗಳಿಗೆ ಬರೆಯಿತು. ವೇಪ್ ಸಿಕ್ಕಿದೊಡನೆ ರದ್ದಾಗುವ ಪರವಾನಗಿಗೆ ಅಂಗಡಿಯವನು ಅಂಜುವಷ್ಟು ಇನ್ನೂರು ರೂಪಾಯಿಗೆ ಅಂಜುವನೆ? ಕರ್ನಾಟಕವು 2024ರ ತಿದ್ದುಪಡಿಯಿಂದ ಕೊಳ್ಳುವವರ ವಯೋಮಿತಿಯನ್ನು 21ಕ್ಕೆ, ದಂಡವನ್ನು ಸಾವಿರ ರೂಪಾಯಿಗೆ ಏರಿಸಿದ್ದು ಸ್ತುತ್ಯವೇ; ಆದರೂ ಅಂಗಡಿಗಳ ಲೆಕ್ಕವಿಲ್ಲದೆ ಸಾವಿರವೂ ಬಹುದೂರ ಸಾಗದು.

ಬಿಹಾರ, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗೆಂದು ಬಂದ ಬಡವನ ಗೂಡನ್ನು ಕೀಳುವುದು ಅನ್ಯಾಯವಲ್ಲವೆ ಎಂಬ ಆಕ್ಷೇಪವನ್ನು ನಾನು ಹಗುರಾಗಿ ಎಣಿಸಲಾರೆ. ಅದಕ್ಕೆ ಪರಿಹಾರವೂ ಶಾಸನದಲ್ಲಿಯೇ ಇದೆ: 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ವ್ಯಾಪಾರವಲಯಗಳನ್ನು ಗುರುತಿಸಿ ಬದಲಿ ಸ್ಥಳ ಕೊಡುವ ಮಾರ್ಗವನ್ನು ತೆರೆದಿದೆ. ಶಾಲೆಯ ಬಾಗಿಲಿನಲ್ಲಿ ಅವನು ಪುಸ್ತಕವನ್ನೋ ಹಣ್ಣನ್ನೋ ಮಾರಲಿ. ತಂಬಾಕನ್ನೇ ಮಾರುವುದಾದರೆ ನೂರು ಗಜದಾಚೆಗೆ ಹೋಗಲಿ.

2041ಕ್ಕೆಂದು ರಚಿತವಾದ ಮಾಸ್ಟರ್ ಪ್ಲಾನಿನ ಪಟ್ಟಿಯಲ್ಲಿ ಪಾನ್ ಅಂಗಡಿಯ ಹೆಸರಿನ ಮುಂದೆ ಈ ಅಂತರವನ್ನು ಸ್ಪಷ್ಟವಾಗಿ ನಮೂದಿಸಬೇಕು. ದೆಹಲಿಯ ಮಯೂರ ವಿಹಾರದ ಹುಡುಗನಿಗೆ ನೋಯಿಡಾ ಮೆಟ್ರೋದಲ್ಲಿ ಕೆಲವೇ ನಿಲ್ದಾಣಗಳ ದೂರವಾದ್ದರಿಂದ, ಉತ್ತರ ಪ್ರದೇಶ ಹರಿಯಾಣಗಳ ಸರಕಾರಗಳೂ ಮೇಲೆ ಹೇಳಿದ ಪರವಾನಗಿಯನ್ನು ನೋಯಿಡಾ, ಗುರುಗ್ರಾಮಗಳಲ್ಲಿ ದೆಹಲಿಯೊಡನೆ ಏಕಕಾಲಕ್ಕೆ ಜಾರಿಗೆ ತರಬೇಕು.