ಮೀ ಸನ್‌ನಲ್ಲಿ ಶಿವ ಇದ್ದಾನೆ, ನಮ್ಮ ಕ್ಯಾಪ್ಶನ್‌ನಲ್ಲಿ ಚಾಮರಿಲ್ಲ

1/6
ಈ ರಜೆಗೆ ವಿಯೆಟ್ನಾಂ ಅಂತ ಪ್ಲಾನ್ ಹಾಕ್ತಿರೋರೇ, ಇದು ನಿಮಗೆ. ನಾಲ್ಕೈದು ದಿನದ ಟ್ರಿಪ್ ಅಂದ್ರೆ ಡಾ ನಾಂಗ್, ಹೊಯ್ ಆನ್, ಬಾ ನಾ ಬೆಟ್ಟದ ಗೋಲ್ಡನ್ ಬ್ರಿಡ್ಜ್ ಗ್ಯಾರಂಟಿ. ಸೇತುವೆ ಹಿಡಿದಿರೋ ಆ ದೊಡ್ಡ ಕೈಗಳು ನೋಡೋಕೆ ಸಾವಿರ ವರ್ಷದ ಕಲ್ಲಿನ ಥರ ಇವೆ. ಆದ್ರೆ ಸೇತುವೆ ಶುರುವಾಗಿದ್ದು 2018ರಲ್ಲಿ! ನಿಜವಾಗ್ಲೂ ಸಾವಿರ ವರ್ಷ ಹಳೇದು ನೋಡ್ಬೇಕಾ? ಹೊಯ್ ಆನ್‌ನಿಂದ ಸುಮಾರು 40 ಕಿ.ಮೀ. ದೂರದ ಮೀ ಸನ್‌ಗೆ ಹೋಗಿ. ಅರ್ಧ ದಿನ ಸಾಕು.

ನನ್ನ ತಕರಾರು ಇರೋದು ಅಲ್ಲಿಂದ ಬಂದು ನಾವು ಹಾಕೋ ಕ್ಯಾಪ್ಶನ್ ಬಗ್ಗೆ. "ವಿಯೆಟ್ನಾಂನಲ್ಲೂ ನಮ್ಮ ದೇವಸ್ಥಾನ!", "ನಮ್ಮವರು ಅಲ್ಲಿಗೂ ಹೋಗಿ ಕಟ್ಟಿದ್ರು!" ಕಟ್ಟಿದವರ ಹೆಸರೇ ಅದ್ರಲ್ಲಿ ಇರಲ್ಲ. ಅವರು ಚಾಮ್ ಜನ.

2/6
ಮೀ ಸನ್ ಚಂಪಾ ಅರಸರ ಪವಿತ್ರ ಕಣಿವೆ. 4ನೇ ಶತಮಾನದಲ್ಲಿ ಭದ್ರವರ್ಮ ಇಲ್ಲಿ ಶಿವನಿಗೆ ಗುಡಿ ಕಟ್ಟಿಸಿ, ದೇವರಿಗೆ ತನ್ನ ಹೆಸರನ್ನೇ ಸೇರಿಸಿ ಭದ್ರೇಶ್ವರ ಅಂತ ಕರೆದ. ಆ ಗುಡಿ ಸುಟ್ಟುಹೋದ ಮೇಲೆ ಶಂಭುವರ್ಮ ಮತ್ತೆ ಕಟ್ಟಿಸಿದ. 13ನೇ ಶತಮಾನದವರೆಗೂ ಒಂದಾದ ಮೇಲೊಂದು ಗುಡಿ ಎದ್ದವು.

ಹಂಪಿ, ಪಟ್ಟದಕಲ್ಲು ನೋಡಿದ ಕಣ್ಣಿಗೆ ವ್ಯತ್ಯಾಸ ತಕ್ಷಣ ಗೊತ್ತಾಗತ್ತೆ. ಇಲ್ಲಿ ಗೋಡೆಯೆಲ್ಲ ಕೆಂಪು ಇಟ್ಟಿಗೆ. ನಡುವೆ ಗಾರೆ ಕಾಣದಷ್ಟು ಬಿಗಿ ಜೋಡಣೆ. ಗೋಡೆ ಎಬ್ಬಿಸಿದ ಮೇಲೆ ಇಟ್ಟಿಗೆಯಲ್ಲೇ ಶಿಲ್ಪ ಕೆತ್ತಿದ್ದಾರೆ. ಆ ಕೈಚಳಕ ಚಾಮರದು.

3/6
"ಆದ್ರೆ ಶಾಸನ ಸಂಸ್ಕೃತದಲ್ಲಿ ಇದೆಯಲ್ಲ?" ಇದೆ. ಚಾಮ್ ಭಾಷೆಯಲ್ಲೂ ಇದೆ! ಚಾಮ್ ಮಲಯ ಭಾಷೆಯ ಬಂಧು. ಹತ್ತಿರದ ಚಾ ಕ್ಯೂ ಬಳಿ ಸಿಕ್ಕ ದೊಂಗ್ ಯೆನ್ ಚೌ ಶಾಸನವನ್ನ ವಿದ್ವಾಂಸರು ಸಾಮಾನ್ಯವಾಗಿ 4ನೇ ಶತಮಾನದ್ದು ಅಂತಾರೆ. ಅದ್ರಲ್ಲಿ ಸಂಸ್ಕೃತ ಪದಗಳಿವೆ, ಆದ್ರೆ ಭಾಷೆ ಚಾಮ್. ರಾಜನ ನಾಗನನ್ನ ಗೌರವಿಸಿದವರಿಗೆ ಒಳ್ಳೇದು, ಅವಮಾನಿಸಿದವರಿಗೆ ನರಕ ಅನ್ನೋದು ಅದರ ಸಾರಾಂಶ. ನಮ್ಮ ಶಾಸನಗಳ ಕೊನೆಯ ಶಾಪದ ಸಾಲು ನೆನಪಾಯ್ತಾ?

ಈಗ ಹಲ್ಮಿಡಿ ಶಾಸನ ನೆನಪು ಮಾಡ್ಕೊಳ್ಳಿ. ಅದ್ರಲ್ಲೂ ಸಂಸ್ಕೃತ ಪದ ತುಂಬಿದೆ. ಅಷ್ಟಕ್ಕೇ ಯಾರಾದ್ರೂ "ಇದು ಕನ್ನಡದ್ದಲ್ಲ" ಅಂದ್ರೆ ಕಾಮೆಂಟ್ ಬಾಕ್ಸ್‌ನಲ್ಲಿ ನಾವು ಸುಮ್ನಿರ್ತೀವಾ? ನಮಗೆ ಬೇಡವಾದ ಆ ಮಾತನ್ನ ಚಾಮರಿಗೆ ಯಾಕೆ ಹೇಳ್ಬೇಕು?

4/6
ಈ ಅಭ್ಯಾಸ ಇವತ್ತಿನದಲ್ಲ. ಇತಿಹಾಸಕಾರ ಆರ್.ಸಿ. ಮಜುಂದಾರ್ 1927ರಲ್ಲಿ ಚಂಪಾ ಬಗ್ಗೆ ಪುಸ್ತಕ ತಂದಾಗ, ಆ ಸರಣಿಯ ಹೆಸರಲ್ಲೇ "ಪ್ರಾಚೀನ ಭಾರತೀಯ ವಸಾಹತುಗಳು" ಅಂತಿತ್ತು. ಆಗ ನಾವೇ ಬ್ರಿಟಿಷರ ವಸಾಹತು, ಹಾಗಾಗಿ ಆ ಹೆಮ್ಮೆ ಯಾಕೆ ಬೇಕಿತ್ತು ಅನ್ನೋದು ಅರ್ಥ ಆಗತ್ತೆ. ಆದ್ರೆ ಭಾರತದ ಸೈನ್ಯ ಹೋಗಿ ಚಂಪಾ ಗೆದ್ದ ದಾಖಲೆ ಇಲ್ಲ. ವ್ಯಾಪಾರದ ಹಡಗಿನ ಜೊತೆ ದೇವರು, ಲಿಪಿ, ಕಥೆ ಹೋದವು. ಅಲ್ಲಿನ ಅರಸರು ಬೇಕಾದ್ದನ್ನ ತಗೊಂಡ್ರು, ತಮ್ಮ ಥರ ಮಾಡ್ಕೊಂಡ್ರು.

5/6
ಮುಖ್ಯವಾದ ವಿಷಯ: ಚಾಮರು ಈಗಲೂ ಇದ್ದಾರೆ. 1471ರಲ್ಲಿ ವಿಯೆಟ್ನಾಮೀಯರು ಚಂಪಾದ ವಿಜಯ ನಗರ ಗೆದ್ರು. ದಕ್ಷಿಣದಲ್ಲಿ ಉಳಿದಿದ್ದ ಕೊನೆಯ ರಾಜ್ಯವೂ 1832ರಲ್ಲಿ ಹೋಯ್ತು. ಅದರ ಹೆಸರು ಪಾಂಡುರಂಗ! ಇವತ್ತಿನ ಫಾನ್ ರಾಂಗ್ ಊರಿನ ಹೆಸರು ಬಂದಿದ್ದು ಅಲ್ಲಿಂದಲೇ.

2019ರ ಜನಗಣತಿ ಪ್ರಕಾರ ವಿಯೆಟ್ನಾಂನಲ್ಲಿ ಸುಮಾರು 1.78 ಲಕ್ಷ ಚಾಮರಿದ್ದಾರೆ. ಕೆಲವರು ಹಿಂದೂ ಮೂಲದ ಬಾಲಮೋನ್, ಕೆಲವರು ಇಸ್ಲಾಂ ಅನ್ನು ತಮ್ಮ ರೀತಿಯಲ್ಲಿ ಒಗ್ಗಿಸಿಕೊಂಡ ಬಾನಿ, ಇನ್ನು ಕೆಲವರು ಮುಸ್ಲಿಮರು. ಫಾನ್ ರಾಂಗ್‌ನ ಪೋ ಕ್ಲೋಂಗ್ ಗರಾಯ್ ಗುಡಿಯ ಲಿಂಗದ ಮೇಲೆ ರಾಜನ ಮುಖ ಇದೆ. ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಬರೋ ಕಾಟೆ ಹಬ್ಬದಲ್ಲಿ ಬೆಟ್ಟದ ರಾಗ್ಲಾಯ್ ಜನ ತಾವು ಕಾಪಾಡಿಟ್ಟ ರಾಜವಸ್ತ್ರ ತರ್ತಾರೆ, ಮೆರವಣಿಗೆಯಲ್ಲಿ ಅದು ಗುಡಿ ಸೇರತ್ತೆ. ನಾವು "ನಮ್ಮ ಕಳೆದುಹೋದ ದೇವಸ್ಥಾನ" ಅಂತ ಬರೆದಾಗ ಇವರನ್ನೆಲ್ಲ ಫ್ರೇಮ್‌ನಿಂದ ಹೊರಗೆ ಹಾಕ್ತೀವಿ.

6/6
ಹಾಗಾದ್ರೆ ಹೆಮ್ಮೆ ಪಡಬಾರದಾ? ಪಡಿ, ಕಾರಣ ಇದೆ. 1969ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬ್‌ಗಳು ಮೀ ಸನ್‌ನ ಅತಿ ಸುಂದರ ಗೋಪುರವನ್ನ ಪುಡಿ ಮಾಡಿದ್ವು. 1980ರ ದಶಕದಲ್ಲಿ ಪೋಲೆಂಡ್‌ನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್‌ಸ್ಕಿ ಅಲ್ಲೇ ಇದ್ದು ದುರಸ್ತಿಗೆ ಕೈಹಾಕಿದ್ರು. 2017ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಕೆಲವು ಗುಡಿಗಳನ್ನ ಸರಿಪಡಿಸ್ತು. 2020ರಲ್ಲಿ ಆ ಕೆಲಸದ ನಡುವೆಯೇ ಒಂದೇ ಕಲ್ಲಿನ ದೊಡ್ಡ ಶಿವಲಿಂಗ ಸಿಕ್ತು. ಬೇರೆಯವರ ಮನೆ ಬಿದ್ದಾಗ ಹೋಗಿ ಇಟ್ಟಿಗೆ ಜೋಡಿಸಿ ಬರೋದು, ಅದು ನಮ್ಮದು ಅನ್ನೋದಕ್ಕಿಂತ ದೊಡ್ಡ ವಿಷಯ.

ಹೋಗೋ ಮುಂಚೆ ಡಾ ನಾಂಗ್‌ನ ಚಾಮ್ ಶಿಲ್ಪಕಲಾ ಮ್ಯೂಸಿಯಂ ನೋಡಿ. ಅದು 1919ರಿಂದ ಇದೆ. ಮೀ ಸನ್‌ಗೆ ಬಿಸಿಲೇರೋ ಮುಂಚೆ ಹೋಗಿ. ಶಿವನಿಗೆ ಕೈ ಮುಗೀಬೇಕು ಅನ್ಸಿದ್ರೆ ಮುಗೀರಿ. ಫೋಟೋ ಹಾಕುವಾಗ ಮಾತ್ರ ಆ ಒಂದು ಪದ ಸೇರಿಸಿ: ಚಾಮ್.

ಆಗಲೇ ಹೋಗಿ ಬಂದಿದ್ದೀರಾ? ಹಳೇ ಪೋಸ್ಟ್ ಎಡಿಟ್ ಮಾಡಿ, ಕಾಮೆಂಟ್‌ನಲ್ಲಿ ಹೇಳಿ. ಒಪ್ಪಲ್ಲ ಅಂದ್ರೆ ಅದನ್ನೂ ಬರೀರಿ, ಮಾತಾಡೋಣ.

#ವಿಯೆಟ್ನಾಂ #ಮೀಸನ್ #ಚಾಮ್ #ಕನ್ನಡದಲ್ಲಿಪ್ರವಾಸ